ಹನ್ನೊಂದನೇ ಕ್ಯಾನು

ಯಾರಾದರೂ ಎದ್ದು ಆ ಬಾಗಿಲು ಹಾಕಿ ಬನ್ನಿ. ಚಿಲಕ ಸಾಲದು, ಅಗುಳಿಯನ್ನೂ ಎಳೆಯಿರಿ... ಹಾಂ. ಈಗ ಕೂತುಕೊಳ್ಳಿ.

ನೀವು ಆಲ್ಮಾಟಿಯಿಂದ ಸೇವೆ ಮಾಡುತ್ತೇವೆ ಅಂತ ಬಂದವರು. ನಾಳೆ ಗುರುವಾರ. ಬೆಳಗಾದರೆ ಪಾಸ್ಟರ್ ನಿಮ್ಮ ಕೈಗೆ ಒಂದೊಂದು ಸಾರಿನ ಕ್ಯಾನು ಕೊಟ್ಟು, ಒಂದು ಪುಸ್ತಕ ಕೊಟ್ಟು, ಮನೆಮನೆಗೆ ಕಳಿಸುತ್ತಾರೆ. ನಿಮ್ಮ ಮುಖಗಳನ್ನು ನೋಡಿದರೆ ಖುಷಿಯೋ ಖುಷಿ. ಅದಕ್ಕೇ ಈ ಮಾತು ಹೇಳುತ್ತಿದ್ದೇನೆ, ನಿಮ್ಮ ಮೇಲಿನ ಪ್ರೀತಿಗಲ್ಲ. ನಗುವವರು ಈಗಲೇ ನಕ್ಕು ಮುಗಿಸಿ. ನಡುವೆ ಯಾರಾದರೂ ನಕ್ಕರೆ, ಈ ಬಾಯ್ಲರ್‌ಗೆ ಕಲ್ಲಿದ್ದಲು ತರಲು ಹೊರಗೆ ಅವರನ್ನೇ ಕಳಿಸುತ್ತೇನೆ.

ಇದು ನನ್ನ ದೊಡ್ಡಮ್ಮನ ಮಗಳು ಕ್ಲಾರಾ ಯುಗಾಯ್‌ಗೆ ಆದದ್ದು. ನಾಲ್ಕು ವರ್ಷ ಆಯಿತು.

ಡಿಸೆಂಬರ್ ತಿಂಗಳ ಒಂದು ಗುರುವಾರ. ರಾತ್ರಿ ಹತ್ತು ಗಂಟೆ. ಕ್ಲಾರಾ ನಮ್ಮ ಚರ್ಚ್ ಸಭೆಯ ಅಡುಗೆಮನೆ ತೊಳೆದು, ಬೀಗ ಹಾಕಿ, ಮನೆ ಕಡೆ ಹೊರಟಳು. ದಾರಿಯಲ್ಲಿ ಆ ಹಳೇ ಬಾವಿ ಇದೆಯಲ್ಲ... ಆಗಿನ ಸರ್ಕಾರದವರು ನಮ್ಮ ಕೊರಿಯನ್ ಅಜ್ಜಂದಿರನ್ನು ಗಡೀಪಾರು ಮಾಡಿ ರೈಲಿನಲ್ಲಿ ತಂದು ಈ ಕಝಕ್ ಬಯಲಿಗೆ ಸುರಿದರಲ್ಲ, ಆ ಮೊದಲ ಚಳಿಗಾಲದಲ್ಲಿ ತೋಡಿದ್ದು. ಈಗ ನೀರಿಲ್ಲ. ಮೇಲೆ ಕಬ್ಬಿಣದ ಮುಚ್ಚಳ ಹಾಕಿ ಬೆಸುಗೆ ಹಾಕಿದ್ದಾರೆ. ಬಾವಿಯ ಪಕ್ಕದ್ದೇ ಜೋಯಾ ನೊಗಾಯ್ ಅಜ್ಜಿಯ ಮನೆ. ಆ ಅಜ್ಜಿಯನ್ನು ಮಣ್ಣು ಮಾಡಿ ಅವತ್ತಿಗೆ ಎರಡು ವಾರ ಆಗಿತ್ತು. ಮನೆಗೆ ಬೀಗ.

ಬಾವಿ ದಾಟಿದಳು. ಆಗ ಹಿಂದಿನಿಂದ ಸದ್ದು.

ಕಿರ್‍ರ್... ಟಕ್. ಕಿರ್‍ರ್... ಟಕ್.

ಬೇರೆ ಯಾರಾದರೂ ಆಗಿದ್ದರೆ ಏನೋ ಎಂತೋ ಅಂದುಕೊಳ್ಳುತ್ತಿದ್ದರು. ಕ್ಲಾರಾ ಹನ್ನೆರಡು ವರ್ಷ ಸಾರು ಹೊತ್ತವಳು. ಅಲ್ಯುಮಿನಿಯಂ ಕ್ಯಾನಿನ ಹಿಡಿ ತೂಗುವಾಗ ಕಿರ್‍ರ್ ಅನ್ನುತ್ತದೆ. ಮುಚ್ಚಳ ಅದಕ್ಕೆ ತಾಗಿದಾಗ ಟಕ್ ಅನ್ನುತ್ತದೆ. ಕ್ಯಾನು ತುಂಬಿದ್ದರೆ ಸದ್ದು ದಪ್ಪ, ಖಾಲಿ ಇದ್ದರೆ ತೆಳು. ಇದು ತೆಳು ಸದ್ದು. ಖಾಲಿ ಕ್ಯಾನು.

ಅವಳು ನಿಂತಳು. ಸದ್ದೂ ನಿಂತಿತು. ತಿರುಗಿ ನೋಡುವ ಧೈರ್ಯ ಆಗಲಿಲ್ಲ. ಹೆಗಲ ಹತ್ತಿರ, ಬಹಳ ಹತ್ತಿರ, ಯಾರೋ ಪಿಸುಗುಟ್ಟಿದರು.

"ನಿನ್ನ ಆತ್ಮ ಹೇಗಿದೆ?"

ಇಲ್ಲಿ ಒಂದು ಮಾತು. ನಮ್ಮ ಮೆಥೊಡಿಸ್ಟರ ಪದ್ಧತಿ ನಿಮಗೆ ಗೊತ್ತೇ ಇದೆ. ಹತ್ತು ಹನ್ನೆರಡು ಜನರಿಗೆ ಒಂದು ಗುಂಪು, ಗುಂಪಿಗೆ ಒಬ್ಬ ನಾಯಕ. ವಾರ ವಾರ ಕೂತು ಒಬ್ಬೊಬ್ಬರನ್ನೂ ಇದನ್ನೇ ಕೇಳುತ್ತೇವೆ, ನಿನ್ನ ಆತ್ಮ ಹೇಗಿದೆ ಅಂತ. ನಿಜ ಹೇಳುವವರು ನೂರಕ್ಕೆ ಇಬ್ಬರು. ಉಳಿದವರಿಗೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಾಯಿಂದ ಬಿದ್ದಿರುತ್ತದೆ. ಕ್ಲಾರಾಗೂ ಅಷ್ಟೇ ಆಯಿತು. ಕತ್ತಲ ರಾತ್ರಿ, ಬೆನ್ನ ಹಿಂದೆ ಏನು ನಿಂತಿದೆಯೋ ಗೊತ್ತಿಲ್ಲ, ಆದರೂ ಅಭ್ಯಾಸಬಲದಿಂದ ಅಂದುಬಿಟ್ಟಳು.

"ಚೆನ್ನಾಗಿದೆ, ದೇವ್ರ ದಯೆ."

ಹಿಂದಿನಿಂದ ಮತ್ತೆ ಅದೇ ಪಿಸುಮಾತು.

"ಹೌದಾ. ಹಾಗಾದ್ರೆ ಬರ್ಕೋತೀನಿ."

ಆಮೇಲೆ ಕಾಗದದ ಮೇಲೆ ಪೆನ್ಸಿಲ್ ಎಳೆಯುವ ಸದ್ದು. ಸರ್... ಸರ್... ಅವಳು ಮನೆಗೆ ಹೇಗೆ ಬಂದಳೋ ಅವಳಿಗೇ ತಿಳಿಯದು. ಬೆಳಿಗ್ಗೆ ನೋಡಿದರೆ ಒಂದು ಕಾಲಿನ ಉಣ್ಣೆಯ ಬೂಟು ಇಲ್ಲ.

ಈಗ ಜೋಯಾ ಅಜ್ಜಿ ಯಾರು ಅಂತ ಹೇಳಬೇಕು. ಎಪ್ಪತ್ತೆಂಟು ವಯಸ್ಸು. ನಲವತ್ತು ವರ್ಷ ಸಾಮೂಹಿಕ ಬೇಸಾಯದ ಈರುಳ್ಳಿ ಹೊಲದಲ್ಲಿ ದುಡಿದವಳು. ಚೀಲಗಳ ಮೇಲೆ ತೂಕ ಬರೆಯುವ ಕೆಲಸವೂ ಅವಳದ್ದೇ. ನಾಲಿಗೆಗೆ ತಾಗಿಸಿ ಬರೆದರೆ ನೇರಳೆ ಬಣ್ಣ ಬಿಡುವ ಪೆನ್ಸಿಲ್ ಇತ್ತಲ್ಲ ಆಗಿನ ಕಾಲದಲ್ಲಿ, ಅದು ಯಾವಾಗಲೂ ಕಿವಿಯ ಮೇಲೆ. ಗಂಡ ಇಲ್ಲ, ಮಕ್ಕಳಿಲ್ಲ. ಇದ್ದದ್ದು ಒಂದು ಬಾಯಿ. ಅದರ ಏಟು ತಿನ್ನದವರು ಈ ತಾಸ್‌ಕುಮ್ ಹಳ್ಳಿಯಲ್ಲಿ ಒಬ್ಬರೂ ಇರಲಿಲ್ಲ.

ಸಭೆಗೆ ಅವಳು ಬರುತ್ತಿರಲಿಲ್ಲ. ಆದರೂ ಪಾಸ್ಟರ್ ಅವಳ ಹೆಸರನ್ನು ಪಟ್ಟಿಗೆ ಸೇರಿಸಿದ್ದರು. ನಮ್ಮ ಸಾರು ನಂಬಿದವರಿಗೂ ಹೌದು, ನಂಬದವರಿಗೂ ಹೌದು, ಕಝಕ್, ರಷ್ಯನ್, ಕೊರಿಯನ್ ಅಂತ ಭೇದ ಇಲ್ಲ. ನಲವತ್ತು ಮನೆ, ನಲವತ್ತು ಕ್ಯಾನು, ತಳದಲ್ಲಿ ಕೆಂಪು ಬಣ್ಣದ ನಂಬರು. ಗುರುವಾರ ಕೊಡುವುದು, ಶುಕ್ರವಾರ ಖಾಲಿ ಕ್ಯಾನು ತರುವುದು. ಆದರೆ ಕೊಟ್ಟು ಓಡಿಬರುವ ಹಾಗಿಲ್ಲ. ಕೂತು ಆ ಪ್ರಶ್ನೆ ಕೇಳಬೇಕು, ಉತ್ತರ ಪುಸ್ತಕದಲ್ಲಿ ಬರೆಯಬೇಕು. ಜೋಯಾ ಅಜ್ಜಿಯದ್ದು ಹನ್ನೊಂದನೇ ಕ್ಯಾನು. ಕ್ಲಾರಾಳ ಪಾಲಿಗೆ ಬಂದಿತ್ತು.

ಅಜ್ಜಿ ಪ್ರತಿ ವಾರ ಒಂದೇ ಆಟ ಆಡುತ್ತಿದ್ದಳು. ಕ್ಯಾನಿಗೆ ಚಮಚ ಹಾಕಿ ರುಚಿ ನೋಡಿ, ಇದು ಸಾರೋ ಪಾತ್ರೆ ತೊಳೆದ ನೀರೋ ಅನ್ನುವಳು. ಕ್ಲಾರಾಳ ಕಣ್ಣೆದುರೇ ಹುದುಗು ಬರಿಸಿದ ಸೋಯಾ ಮುದ್ದೆ ಒಂದು ಹಿಡಿ ತೆಗೆದು ಅದಕ್ಕೆ ಕದಡುವಳು. ಪ್ರಶ್ನೆ ಕೇಳಿದರೆ ಮುಗಿಯಿತು.

"ಸಾರು ಇಟ್ಟು ಹೋಗೇ. ನನ್ನ ಆತ್ಮ ಏನು ನಿನ್ನ ಕ್ಯಾನಲ್ಲಿ ಹಿಡಿಸತ್ತಾ?"

ಕ್ಲಾರಾ ಸಹಿಸಿಕೊಂಡಳು. ಪುಸ್ತಕದಲ್ಲಿ 'ಆತ್ಮ ಕಠಿಣವಾಗಿದೆ, ಪ್ರಾರ್ಥಿಸೋಣ' ಅಂತ ಬರೆಯುವಳು. ಆದರೆ ನವೆಂಬರ್ ಮೊದಲ ಗುರುವಾರ ಅಜ್ಜಿ ಎಲ್ಲೆ ಮೀರಿದಳು. ಅಕ್ಕಪಕ್ಕದ ಇಬ್ಬರು ಹೆಂಗಸರು ಕೂತಿದ್ದಾಗಲೇ, ಮೊದಲು ನಿನ್ನ ಗಂಡನ ಆತ್ಮ ಯಾವಳ ಮನೆಯಲ್ಲಿದೆ ಹುಡುಕಿಕೊಂಡು ಬಾ, ಆಮೇಲೆ ನನ್ನದು ಕೇಳುವೆಯಂತೆ ಅಂದಳು. ಕ್ಲಾರಾಳ ಗಂಡ ಅಂಗಡಿಯ ಹೆಂಗಸೊಬ್ಬಳ ಜೊತೆ ಊರು ಬಿಟ್ಟು ಒಂದು ವರ್ಷವೂ ಆಗಿರಲಿಲ್ಲ. ಆ ಹೆಂಗಸರಿಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರಂತೆ. ಕ್ಲಾರಾ ಬಾಗಿಲು ಬಡಿದು ಬಂದವಳು ಮರುದಿನ ಖಾಲಿ ಕ್ಯಾನು ತರಲೂ ಹೋಗಲಿಲ್ಲ.

ಮುಂದಿನ ಗುರುವಾರ ಹೋಗಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಮೂರನೆಯದ್ದೂ ಇಲ್ಲ. ಆದರೆ ಪುಸ್ತಕದಲ್ಲಿ ಮೂರು ವಾರವೂ ದುಂಡಗೆ ಬರೆದಳು: ಜೋಯಾ ನೊಗಾಯ್, ಚೆನ್ನಾಗಿದ್ದಾರೆ. ಸಭೆಯಲ್ಲಿ ಅದನ್ನು ಓದಿದರು. ನಾವೆಲ್ಲ ದೇವರಿಗೆ ಸ್ತೋತ್ರ ಅಂದೆವು. ನಾನೂ ಅಂದೆ.

ನಾಲ್ಕನೇ ವಾರ, ಬುಧವಾರ, ಪಕ್ಕದ ಕುರಿ ಸಾಕುವ ಬೆಕ್ಸುಲ್ತಾನನ ನಾಯಿ ಅಜ್ಜಿಯ ಬಾಗಿಲನ್ನು ಕೆರೆದು ಕೆರೆದು ಊಳಿಟ್ಟಿತು. ಬಾಗಿಲು ಮುರಿದರು. ಅಜ್ಜಿ ಹೊಸ್ತಿಲ ಒಳಗೇ ಬಿದ್ದಿದ್ದಳು, ಸೊಂಟ ಮುರಿದು, ಬಾಗಿಲ ಕಡೆ ಮುಖ ಮಾಡಿ. ಬಾಗಿಲ ಕೆಳಭಾಗದ ಬಣ್ಣ ಉಗುರಿನಿಂದ ಕಿತ್ತುಹೋಗಿತ್ತು. ಚಳಿ ಕೊರೆಯುವ ಮನೆಯಲ್ಲಿ ಹೆಣ ಕೆಡುವುದಿಲ್ಲ, ಯಾವತ್ತು ಬಿದ್ದಳು, ಯಾವತ್ತು ಹೋದಳು ಅಂತ ಡಾಕ್ಟರಿಗೂ ಹೇಳಲಾಗಲಿಲ್ಲ.

ಕ್ಲಾರಾಗೆ ಮಾತ್ರ ಗೊತ್ತಾಯಿತು. ಮನೆ ತೊಳೆಯಲು ಮೊದಲು ಹೋದವಳು ಅವಳೇ. ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ಅಜ್ಜಿ ಒಂದು ದಿನವೂ ತಪ್ಪದೆ ಹರಿಯುತ್ತಿದ್ದಳು. ಅದು ಕ್ಲಾರಾ ತಪ್ಪಿಸಿದ ಎರಡನೇ ಗುರುವಾರದ ಹಿಂದಿನ ಮಂಗಳವಾರಕ್ಕೆ ನಿಂತುಹೋಗಿತ್ತು. ಅಂದರೆ ಆ ಗುರುವಾರ ಹೋಗಿದ್ದರೆ ಅಜ್ಜಿ ಜೀವಂತ ಸಿಗುತ್ತಿದ್ದಳು... ಕ್ಲಾರಾ ಒಂದು ನಿಮಿಷ ನೋಡಿದಳು. ಆಮೇಲೆ ಮೂರನೇ ಗುರುವಾರದವರೆಗಿನ ಹಾಳೆಗಳನ್ನೆಲ್ಲ ಚರ್ ಚರ್ ಅಂತ ಹರಿದು ಒಲೆಗೆ ಹಾಕಿದಳು.

ಮನೆಯೆಲ್ಲ ಹುಡುಕಿದರೂ ಹನ್ನೊಂದನೇ ಕ್ಯಾನು ಸಿಗಲಿಲ್ಲ.

ಶವಸಂಸ್ಕಾರದಲ್ಲಿ ಪಾಸ್ಟರ್ ಟ್ರೋಫಿಮ್ ಹೆಗಾಯ್ ಪುಸ್ತಕ ತೆರೆದು ಓದಿದರು. ನಮ್ಮ ಸಹೋದರಿ ಕ್ಲಾರಾ ಕೊನೆಯ ಗುರುವಾರದವರೆಗೂ ಈ ಬಾಗಿಲು ತಟ್ಟಿದಳು ಅಂದರು. ಹೊಸ ವರ್ಷದಿಂದ ನಲವತ್ತು ಮನೆಯ ಮೇಲ್ವಿಚಾರಣೆಯೂ ಅವಳದ್ದೇ ಅಂದರು. ಜನ ಬಂದು ಅವಳ ಕೈ ಹಿಡಿದರು. ಅವಳು ತಲೆ ತಗ್ಗಿಸಿ ನಿಂತಿದ್ದಳು. ನಾವು ಅದನ್ನು ವಿನಯ ಅಂದುಕೊಂಡೆವು.

ಈಗ ಬಾವಿಯ ಹತ್ತಿರದ ಆ ರಾತ್ರಿಗೆ ಬನ್ನಿ. ಬೆಳಿಗ್ಗೆ ಕ್ಲಾರಾ ಪುಸ್ತಕ ತೆರೆದಳು. ಕೊನೆಯ ಪುಟದಲ್ಲಿ ನೇರಳೆ ಬಣ್ಣದ ದಪ್ಪ ಅಕ್ಷರ, ಈರುಳ್ಳಿ ಚೀಲದ ಮೇಲೆ ಬರೆದ ಹಾಗೆ: ಕ್ಲಾರಾ ಯುಗಾಯ್, ಚೆನ್ನಾಗಿದ್ದಾರೆ. ಹಾಳೆ ಕಿತ್ತು ಸುಟ್ಟಳು. ಮುಂದಿನ ಗುರುವಾರ ರಾತ್ರಿ ಬಾವಿಯ ದಾರಿ ಬಿಟ್ಟು ಸುತ್ತು ಬಳಸಿ ಬಂದಳು, ಕಿವಿಗೆ ಬಟ್ಟೆ ಕಟ್ಟಿಕೊಂಡು. ಬೆಳಿಗ್ಗೆ ಪುಸ್ತಕದಲ್ಲಿ ಎರಡು ಸಾಲು. ಮೂರನೇ ಗುರುವಾರದ ಮರುದಿನ ಮೂರು ಸಾಲು. ಆವತ್ತು ಇಲ್ಲಿಗೇ ಬಂದಳು, ಈ ಬಾಯ್ಲರ್ ಕೋಣೆಗೆ. ನೀವು ಕೂತಿದ್ದೀರಲ್ಲ, ಆ ಪೆಟ್ಟಿಗೆಯ ಮೇಲೇ ಕೂತು ಎಲ್ಲ ಹೇಳಿದಳು. ಮುಖ ಸುಣ್ಣದ ಹಾಗಿತ್ತು.

"ಅವಳಿಗೂ ಮೂರೇ ಸಲ ಬರ್ದಿದ್ದು ಗೆರಾ. ನಾಲ್ಕನೇ ಗುರುವಾರ ಅವಳು ಇರ್ಲಿಲ್ಲ."

ಸಭೆಯ ಮುಂದೆ ನಿಜ ಹೇಳಿಬಿಡು ಅಂದೆ. ಹೇಳಿದರೆ ಈ ಜನ ನನ್ನನ್ನು ಜೀವಂತ ಹೂಳುತ್ತಾರೆ ಅಂದಳು. ಅವಳ ಮಾತು ಸುಳ್ಳಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ನಾಲ್ಕನೇ ಗುರುವಾರಕ್ಕೆ ಆರು ದಿನ ಇತ್ತು. ನಡುವೆ ವರ್ಷದ ಕೊನೆಯ ರಾತ್ರಿ, ಒಡಂಬಡಿಕೆಯ ಆರಾಧನೆ. ಹಳೇ ವರ್ಷದ ಪಾಪ ಇಳಿಸಿ, ದೇವರೊಂದಿಗೆ ಹೊಸದಾಗಿ ಕರಾರು ಮಾಡಿಕೊಳ್ಳುವ ರಾತ್ರಿ. ಅವಳ ತಲೆಗೆ ಒಂದು ಉಪಾಯ ಹೊಳೆಯಿತು. ನಮ್ಮಂಥವರಿಗೆ ಮಾತ್ರ ಹೊಳೆಯುವ ಉಪಾಯ.

ನಾವು ಕೊರಿಯನ್ ಸಭೆಯವರು ಪ್ರಾರ್ಥನೆ ಮಾಡುವುದನ್ನು ನೋಡಿದ್ದೀರಲ್ಲ. 'ಕರ್ತನೇ' ಅಂತ ಮೂರು ಸಲ ಎಲ್ಲರೂ ಒಟ್ಟಿಗೆ ಕೂಗುವುದು, ಆಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ಪ್ರಾರ್ಥನೆಯನ್ನು ಗಟ್ಟಿಯಾಗಿ, ಒಂದೇ ಹೊತ್ತಿಗೆ. ಅರವತ್ತು ಬಾಯಿ. ಪಕ್ಕದವನು ಏನಂದ ಅಂತ ದೇವರಾಣೆಗೂ ಕೇಳುವುದಿಲ್ಲ. ಪಾಸ್ಟರ್ ಮೇಜಿನ ಮೇಲಿನ ಹಿತ್ತಾಳೆ ಗಂಟೆ ಟಿಣ್ ಅನ್ನಿಸಿದ ಕೂಡಲೇ ಎಲ್ಲ ಬಾಯಿಯೂ ಬಂದ್. ಆ ಗದ್ದಲದಲ್ಲಿ ಹೇಳಿಬಿಡೋಣ ಅಂತ ಕ್ಲಾರಾಳ ಲೆಕ್ಕ. ಸಭೆಯ ಮುಂದೆ ಬಾಯಿಬಿಟ್ಟು ಹೇಳಿದ ಹಾಗೂ ಆಯಿತು, ಯಾರಿಗೂ ಕೇಳಿಸದ ಹಾಗೂ ಆಯಿತು.

ನಾನು ಅವತ್ತು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಗದ್ದಲ ಎದ್ದಿತು. ಕ್ಲಾರಾ ಎರಡನೇ ಸಾಲಿನಲ್ಲಿ, ಎರಡು ಕೈ ಎತ್ತಿ, ಕಣ್ಣು ಮುಚ್ಚಿ, ಬಾಯಿ ಒಂದೇ ಸಮ ಆಡಿಸುತ್ತಿದ್ದಳು. ಕಣ್ಣಲ್ಲಿ ನೀರು. ಎಷ್ಟು ಹೊತ್ತೋ... ಗಂಟೆ ಟಿಣ್ ಅಂದಿತು. ಅರವತ್ತು ಬಾಯಿ ನಿಂತವು. ಕ್ಲಾರಾಳ ಬಾಯಿಯೂ ನಿಂತಿತು.

ಒಂದು ದನಿ ನಿಲ್ಲಲಿಲ್ಲ.

"...ಮೂರು ಗುರುವಾರ ಹೋಗ್ಲಿಲ್ಲ. ಹೋದೆ ಅಂತ ಬರ್ದೆ. ಕ್ಯಾಲೆಂಡರ್ ಹಾಳೆ ಹರ್ದು ಒಲೆಗೆ ಹಾಕ್ದೋಳು ನಾನೇ..."

ಕೊನೆಯ ಬೆಂಚಿನಿಂದ. ನನ್ನಿಂದ ನಾಲ್ಕು ಹೆಜ್ಜೆ. ಆ ಬೆಂಚಿನಲ್ಲಿ ಯಾರೂ ಇರಲಿಲ್ಲ. ಮಾತು ಕ್ಲಾರಾಳದ್ದು, ಗಂಟಲು ಅವಳದ್ದಲ್ಲ. ಆ ಒಡಕು ಗಂಟಲು ಊರಿಗೆಲ್ಲ ಗೊತ್ತು. ಪಾಸ್ಟರ್ ಮತ್ತೆ ಗಂಟೆ ಹೊಡೆದರು. ಟಿಣ್. ಟಿಣ್. ದನಿ ನಿಲ್ಲಲಿಲ್ಲ. ಕ್ಲಾರಾ ಎರಡೂ ಕೈಯಿಂದ ತನ್ನ ಬಾಯಿ ಒತ್ತಿ ಹಿಡಿದಿದ್ದಳು. ಎಲ್ಲವನ್ನೂ ಕೊನೆಯವರೆಗೆ ಹೇಳಿ ಮುಗಿಸಿ, ಅದು ಕೇಳಿತು:

"ಈಗ ಕೇಳಿಸ್ತಾ ಎಲ್ಲಾರ್ಗೂ?"

ಆಮೇಲೆ ಕಿರ್‍ರ್... ಟಕ್... ಕಿರ್‍ರ್... ಟಕ್... ಬಾಗಿಲ ಕಡೆಗೆ.

ದೆವ್ವಕ್ಕೆ ಹೆದರಿ ನಾವು ಒಳ್ಳೆಯವರಾದೆವು ಅಂದುಕೊಂಡಿರಾ? ಹತ್ತು ನಿಮಿಷ ಹೆದರಿದೆವು. ಆಮೇಲೆ ಅರವತ್ತು ಜನರೂ ಕ್ಲಾರಾಳ ಮೇಲೆ ತಿರುಗಿದೆವು. ಯಾರೂ ಕೈ ಮಾಡಲಿಲ್ಲ, ನಾವು ಸಭ್ಯರು. ಅವಳ ಬೆಂಚಿನಿಂದ ಎದ್ದು ಬೇರೆ ಕಡೆ ಕೂತೆವು, ಅಷ್ಟೇ. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಯಾರೋ ಅವಳ ಗೇಟಿಗೆ 'ಕೊಲೆಗಾತಿ' ಅಂತ ಇದ್ದಲಿನಲ್ಲಿ ಬರೆದರು. ಅವಳು ಹೊರಗೆ ಬರುವುದನ್ನೇ ಬಿಟ್ಟಳು.

ಪಾಸ್ಟರ್ ಒಬ್ಬರೇ ಸ್ವಲ್ಪ ಮನುಷ್ಯರಾಗಿದ್ದವರು. ಅವಳ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ಅವಳ ಹೆಸರನ್ನೂ ಪಟ್ಟಿಗೆ ಹಾಕಿ, ಅವಳ ಮನೆಗೂ ಸಾರು ಕೊಡು ಗೆರಾಸಿಮ್, ಈಗ ಅವಳೂ ಒಂಟಿ ಅಂದರು. ಆಗಲಿ ಅಂದೆ.

ಹೋಗಲಿಲ್ಲ.

ಏನು ನೋಡುತ್ತೀರಿ? ಹೋಗಲಿಲ್ಲ. ನಮ್ಮ ಮನೆತನದ ಮರ್ಯಾದೆ ತೆಗೆದಳು ಅಂತ ಮೈಯೆಲ್ಲ ಉರಿಯುತ್ತಿತ್ತು. ಜನವರಿಯಲ್ಲಿ ಮೊದಲ ಗುರುವಾರ ಅವಳ ಗೇಟಿನ ಮುಂದೆ ಹಾದುಹೋದೆ. ಎರಡನೆಯದ್ದೂ ಹಾಗೇ. ಪುಸ್ತಕದಲ್ಲಿ ಏನು ಬರೆದೆ ಗೊತ್ತಾ? ಕ್ಲಾರಾ ಯುಗಾಯ್, ಚೆನ್ನಾಗಿದ್ದಾರೆ. ಎರಡೂ ವಾರ. ಎಲ್ಲ ಗೊತ್ತಿದ್ದವನು ನಾನು. ಈ ಪೆಟ್ಟಿಗೆಯ ಮೇಲೆ ಕೂತು ಅವಳು ಅತ್ತದ್ದನ್ನು ನೋಡಿದವನು. ಅದೇ ಮಾತು, ಅದೇ ಪುಸ್ತಕ.

ಮೂರನೇ ಗುರುವಾರ ಬಾಯ್ಲರ್ ಆರಿಸಿ ಹೊರಟಾಗ ಹತ್ತೂವರೆ. ಮೈನಸ್ ಇಪ್ಪತ್ತೆಂಟು. ಬಾವಿಯ ಹತ್ತಿರ ಬಂದೆ.

ಕಿರ್‍ರ್... ಟಕ್.

ನನ್ನ ಹಿಂದೆ ಅಲ್ಲ. ಮುಂದೆ. ಮತ್ತು ದಪ್ಪ ಸದ್ದು. ತುಂಬಿದ ಕ್ಯಾನು.

ಓಡಿಹೋಗಬಹುದಿತ್ತು. ಕಾಲು ಅದರ ಹಿಂದೆಯೇ ಹೋಯಿತು. ದಾರಿಯಲ್ಲಿ ಯಾರೂ ಕಾಣುತ್ತಿಲ್ಲ, ಹಿಮದ ಮೇಲೆ ಹೆಜ್ಜೆ ಇಲ್ಲ, ಸದ್ದು ಮಾತ್ರ ಹತ್ತು ಮಾರು ಮುಂದೆ. ಕ್ಲಾರಾಳ ಗೇಟು ಕೀಂಯ್ ಅಂದಿತು. ಬಾಗಿಲ ಮುಂದೆ ಸದ್ದು ನಿಂತಿತು. ನಾನೂ ನಿಂತೆ. ಆ ಕತ್ತಲಿನಿಂದ, ಸಿಡುಕಿನಿಂದ, ಪಿಸುಮಾತು:

"ಬಾಗ್ಲು ತೆಗಿಯೋ. ನನ್ನ ಕೈ ಖಾಲಿ ಇಲ್ಲ."

ತೆಗೆದೆ. ಏನು ಮಾಡಲಿ, ತೆಗೆದೆ.

ಒಳಗೆ ಹೊರಗಿಗಿಂತ ಚಳಿ. ಬಕೆಟ್ಟಿನ ನೀರು ತಳದವರೆಗೆ ಹೆಪ್ಪುಗಟ್ಟಿತ್ತು. ಒಲೆಯ ಪಕ್ಕ, ಗೋಡೆಗೆ ನೇತುಹಾಕಿದ್ದ ಜಮಖಾನೆ ಎಳೆದು ಹೊದ್ದು, ಕ್ಲಾರಾ ನೆಲದ ಮೇಲೆ ಬಿದ್ದಿದ್ದಳು. ಸೊಂಟ ಮುರಿದಿತ್ತು. ಕಣ್ಣು ತೆರೆದಿತ್ತು.

"ಯಾವಾಗ ಬಿದ್ದೆ ಅಕ್ಕಾ?"

"ಹೋದ ವಾರ, ಬುಧವಾರ."

ಎಂಟು ದಿನ. ನಡುವೆ ಒಂದು ಗುರುವಾರ ನಾನು ಅವಳ ಗೇಟಿನ ಮುಂದೆಯೇ ನಡೆದು ಹೋಗಿದ್ದೆ.

"ನಿನ್ನ ಹೆಜ್ಜೆ ಕೇಳಿಸ್ತು ಗೆರಾ," ಅಂದಳು. "ನಿನ್ನ ಹೆಸ್ರು ಹಿಡ್ದು ಕೂಗ್ದೆ."

ನಾನು ಕೋಟು ಬಿಚ್ಚಿ ಅವಳ ಮೇಲೆ ಹೊದಿಸಿದೆ.

ಇಷ್ಟು ದಿನ ಹೇಗೆ ಉಳಿದೆ ಅಂತ ಕೇಳಲು ನನ್ನಿಂದ ಆಗಲಿಲ್ಲ. ಅವಳೇ ಹೇಳಿದಳು, ನಿಲ್ಲಿಸಿ ನಿಲ್ಲಿಸಿ. ಅಜ್ಜಿ ರಾತ್ರಿ ರಾತ್ರಿ ಬರುತ್ತಿದ್ದಳಂತೆ. ಮುಖ ಕಾಣಿಸಲಿಲ್ಲವಂತೆ, ಬೈಗುಳ ಮಾತ್ರ ಕೇಳಿಸುತ್ತಿತ್ತಂತೆ. ಸುಳ್ಳಿ, ಪುಸ್ತಕದ ಹುಳ, ಗಂಡ ಬಿಟ್ಟವಳು, ಬಾಯಿ ತೆಗಿ ಅಂತ. ಬೈದು ಬೈದು ಸಾರು ಕುಡಿಸುತ್ತಿದ್ದಳಂತೆ.

"ಆತ್ಮದ ವಿಷ್ಯ ಒಂದಿನಾನೂ ಕೇಳ್ಲಿಲ್ಲ ಕಣೋ," ಅಂದಳು ಕ್ಲಾರಾ, ಮತ್ತು ಅತ್ತಳು.

ಅವಳ ತಲೆಯ ಹತ್ತಿರ ಕ್ಯಾನು ಇತ್ತು. ತಳ ನೋಡಿದೆ, ಕೆಂಪು ಹನ್ನೊಂದು. ಮುಚ್ಚಳ ತೆಗೆದೆ, ಹಬೆ ಬಂತು. ಆ ಮನೆಯ ಒಲೆ ಹತ್ತಿ ಎಂಟು ದಿನ ಆಗಿತ್ತು, ಬೂದಿಗೆ ಕೈಯಿಟ್ಟು ನೋಡಿದವನು ನಾನು, ಮಂಜಿನಷ್ಟು ತಣ್ಣಗಿತ್ತು. ಬೆರಳು ಅದ್ದಿ ರುಚಿ ನೋಡಿದೆ. ನಮ್ಮ ಅಡುಗೆಮನೆಯ ಸಾರು ಅಲ್ಲ. ಉಪ್ಪೋ ಉಪ್ಪು. ಸೋಯಾ ಮುದ್ದೆ ಒಂದು ಹಿಡಿ.

ಕ್ಲಾರಾ ಬದುಕಿದಳು. ತಾಲ್ದಿಕೊರ್ಗಾನ್‌ನಲ್ಲಿ ಮಗಳ ಮನೆಯಲ್ಲಿದ್ದಾಳೆ, ಕೋಲು ಹಿಡಿದು ನಡೆಯುತ್ತಾಳೆ. ನಾನು ಸುಳ್ಳು ಹೇಳಿದೆ ಅನ್ನಿಸಿದರೆ ಹೋಗಿ ಅವಳನ್ನೇ ಕೇಳಿ. ಇಲ್ಲದಿದ್ದರೆ ಬೆಕ್ಸುಲ್ತಾನನನ್ನು ಕೇಳಿ, ಅವಳನ್ನು ಅವನ ಗಾಡಿಯಲ್ಲೇ ಆಸ್ಪತ್ರೆಗೆ ಸಾಗಿಸಿದ್ದು. ಕ್ಯಾನು ಹಿಡಿದು ಅವನ ಕೈಯೂ ಸುಟ್ಟಿತ್ತು.

ನಾಳೆ ಕ್ಯಾನು ತೆಗೆದುಕೊಳ್ಳುವಾಗ, ಅವುಗಳನ್ನು ತೂಗುಹಾಕುವ ಗೋಡೆಯಲ್ಲಿ ಹನ್ನೊಂದನೇ ಕೊಕ್ಕೆ ಖಾಲಿ ಇರುತ್ತದೆ. ಯಾಕೆ ಅಂತ ಕೇಳಬೇಡಿ, ಹುಡುಕಲೂ ಬೇಡಿ. ಶುಕ್ರವಾರ ಬೆಳಿಗ್ಗೆ ಅಲ್ಲೇ ಇರುತ್ತದೆ, ತೊಳೆದು, ಒದ್ದೆಯಾಗಿ.

ಪುಸ್ತಕ ಆ ಗೂಡಿನಲ್ಲಿದೆ. ಬೇಕಾದವರು ದೀಪ ಹಿಡಿದು ನೋಡಿ, ಇದೆಲ್ಲ ನಡೆದದ್ದು. ಕೊನೆಯ ಪುಟ ತೆಗೆಯಿರಿ. ನೇರಳೆ ಬಣ್ಣದಲ್ಲಿ ನನ್ನ ಹೆಸರಿದೆ, ಗೆರಾಸಿಮ್ ಶೆಗಾಯ್. ಕ್ಲಾರಾಳನ್ನು ಆಸ್ಪತ್ರೆಗೆ ಸೇರಿಸಿ ಬಂದ ಬೆಳಿಗ್ಗೆಯಿಂದ ಇದೆ. ನಾಲ್ಕು ವರ್ಷದಿಂದ ಪ್ರತಿ ಶುಕ್ರವಾರ ತೆಗೆದು ನೋಡುತ್ತೇನೆ.

ಹೆಸರಿನ ಮುಂದೆ ಇನ್ನೂ ಏನೂ ಬರೆದಿಲ್ಲ.